ಯಾವ ಅಂಗಿ ಬೇಕು, ಅಣ್ಣಾ?

ಯೂಲೆಸ್
12 ಜನವರಿ 2025

ಅಣ್ಣಾ,

ಕುಸುರೆಳ್ಳನ್ನು ಬೇರೆ ಡಬ್ಬಿಯಲ್ಲಿ ಕಳಿಸಿದ್ದೇನೆ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಹನ್ನೆರಡು. ಎಣಿಸಿಕೋ. ನಿನ್ನ ಮಗ ಉಲ್ಲಾಸ್ ಎರಡು ಹಾರಿಸಿ ಅಂಚೆಯವರ ಮೇಲೆ ಹಾಕುತ್ತಾನೆ. ಈ ಒಂದು ವಿಷಯದಲ್ಲಿ ಅವನು ನಿನ್ನ ಹಾಗಲ್ಲ, ಈ ಅತ್ತೆಯ ಹಾಗೆ.

ಫೋನಿನಲ್ಲಿ ಬರೀ ಸುದ್ದಿ, ಮಾತೇನಿದ್ದರೂ ಕಾಗದದಲ್ಲಿ ಎನ್ನುವುದು ನೀನೇ ಮಾಡಿದ ಕಾಯ್ದೆ. ನಾನು ಅಮೆರಿಕಕ್ಕೆ ಬಂದು ಹದಿನಾಲ್ಕು ವರ್ಷವಾಯಿತು, ಒಮ್ಮೆಯೂ ಮುರಿದಿಲ್ಲ. ಇವತ್ತಿನದು ಸುದ್ದಿಯೋ ಮಾತೋ ಎಂದು ಎರಡು ದಿನ ಯೋಚಿಸಿದೆ. ಕೊನೆಗೆ ಕಾಗದವೇ ವಾಸಿ ಅನ್ನಿಸಿತು. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ಕಾಗದದಲ್ಲಿ ಆ ತೊಂದರೆಯಿಲ್ಲ.

ನಾನು ಕಾಲೇಜಿಗೆ ಸೇರಿದ್ದೇನೆ.

ಎದ್ದು ನಿಂತಿದ್ದರೆ ಕೂತುಕೋ, ಪೂರ್ತಿ ಹೇಳುತ್ತೇನೆ. ನನ್ನ ರೊಟ್ಟಿಯ ವಹಿ ನಿನಗೆ ಗೊತ್ತು. ಯೂಲೆಸ್, ಲಾಸ್ ಕೊಲಿನಾಸ್, ಫ್ಲವರ್ ಮೌಂಡ್ ಸೇರಿ ಮೂವತ್ತೆಂಟು ಮನೆ. ಯಾರಿಗೆ ಕಟಕ್, ಯಾರಿಗೆ ಮೆತ್ತಗೆ, ಯಾರ ಅತ್ತೆಗೆ ಹಲ್ಲಿಲ್ಲ, ಯಾರ ಅಳಿಯನಿಗೆ ಎಳ್ಳು ಆಗುವುದಿಲ್ಲ, ಎಲ್ಲ ಬರೆದಿಟ್ಟುಕೊಂಡಿದ್ದೇನೆ. ಅದರಲ್ಲಿ ಫ್ಲವರ್ ಮೌಂಡಿನ ರಘೂತ್ತಮ ಅಂಕಲ್ ಮನೆಗೆ ವಾರಕ್ಕೆ ಇಪ್ಪತ್ತು, ಮೆತ್ತಗೆ. ಅವರ ಹೆಂಡತಿ ಸೀತಾಬಾಯಿ ಆಂಟಿ ದೀಪಾವಳಿಗೆ ಮುಂಚೆ ಬಿದ್ದು ಸೊಂಟ ಮುರಿದುಕೊಂಡರು. ಮೊನ್ನೆ ರೊಟ್ಟಿ ಕೊಡಲು ಹೋದಾಗ ಅವರ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಗ್ಲೋರಿಯಾ ಎನ್ನುವ ಹೆಂಗಸು, ನನ್ನ ಭುಜಕ್ಕೆ ಬರುತ್ತಾಳೆ, ತೂಕ ನನ್ನ ಅರ್ಧ. ಆಂಟಿಯ ಬೆನ್ನಡಿ ಮಡಚಿದ ಒಂದು ಚಾದರ ಹಾಕಿದ್ದಳು. ಚಾದರದ ಅಂಚು ಹಿಡಿದು, ಒಂದು ಕಾಲು ಹಿಂದಿಟ್ಟು, ಮೆಲ್ಲಗೆ ಎಳೆದಳು. ಅಷ್ಟೇ. ಎಂಬತ್ತು ಕಿಲೋ ಆಂಟಿ ಪುಸ್ತಕದ ಪುಟದಂತೆ ಮಗ್ಗುಲಾದರು. ಆಂಟಿ ನರಳಲಿಲ್ಲ, ಗ್ಲೋರಿಯಾ ಏದುಸಿರು ಬಿಡಲಿಲ್ಲ.

ನಾನು ಡಬ್ಬಿ ಹಿಡಿದುಕೊಂಡು ನಿಂತೇಬಿಟ್ಟೆ. ಮಲಗಿದಲ್ಲಿಂದಲೇ ಆಂಟಿ ಹೇಳಿದರು: "ಅಷ್ಟು ಏನ್ ನೋಡ್ಲಿಕತ್ತೀ ಇಂದೂ? ರೊಟ್ಟಿ ಆರ್ತಾವ."

ಅಣ್ಣಾ, ಧಾರವಾಡದಲ್ಲಿ ಅವ್ವನನ್ನು ಮೂರು ವರ್ಷ ಎತ್ತಿದೆ. ಕಂಕುಳಿಗೆ ಕೈ ಹಾಕಿ, ಹಲ್ಲು ಕಚ್ಚಿ. ಅವಳು ಚೀರುತ್ತಿದ್ದಳು, ನನ್ನ ಬೆನ್ನು ಅಲ್ಲೇ ಹೋಯಿತು. ಒಂದು ಚಾದರದ ವಿದ್ಯೆ ಅದು. ಯಾರೂ ಹೇಳಿಕೊಡಲಿಲ್ಲ. "ಎಲ್ಲಿ ಕಲಿತಿ?" ಎಂದು ಗ್ಲೋರಿಯಾಳನ್ನು ಕೇಳಿದೆ. ಕಮ್ಯುನಿಟಿ ಕಾಲೇಜಿನಲ್ಲಿ, ನರ್ಸ್ ಏಡ್ ತರಬೇತಿಯಲ್ಲಿ ಎಂದಳು. ನರ್ಸಿನ ಕೈಕೆಳಗೆ ನಿಂತು ರೋಗಿಗಳನ್ನು ಏಳಿಸಿ, ಕೂರಿಸಿ, ಮೀಯಿಸಿ, ಉಣ್ಣಿಸುವ ಕೆಲಸ. ಒಟ್ಟು ನೂರು ಗಂಟೆ ಪಾಠ, ಆಮೇಲೆ ರಾಜ್ಯದ ಪರೀಕ್ಷೆ.

ಮರುದಿನವೇ ಹೋದೆ. ಕೌಂಟರಿನಲ್ಲಿದ್ದವನು ಬಹಳ ಮರ್ಯಾದೆಯಿಂದ ಕೇಳಿದ: "ಫಾರಂ ಮಗಳಿಗಾ?" "ಅಲ್ಲಪ್ಪಾ," ಎಂದೆ, "ಮಗಳ ತಾಯಿಗೆ."

ಕ್ಲಾಸು ಮುಂದಿನ ಸೋಮವಾರ ಶುರು. ಐವತ್ಮೂರನೇ ವಯಸ್ಸಿಗೆ ಯೂನಿಫಾರ್ಮ್ ಹಾಕಿಕೊಂಡು ಹೋಗುತ್ತೇನೆ, ಕಡುನೀಲಿ. ಚಂದ್ರಮೋಹನರು ನೋಡಿ, "ನಮ್ಮ ಏರ್‌ಪೋರ್ಟಿನ ಕಾರ್ಗೋದವರೂ ಇದೇ ಬಣ್ಣ," ಎಂದರು. ಗಂಡನ ಹೊಗಳಿಕೆ ಅಂದರೆ ಇಷ್ಟೇ.

ನಿನ್ನ ತಂಗಿ
ಇಂದು

ತಾ.ಕ.: ತಂಗಿಗೆ ಬರೆಯುವಾಗಲೂ ಸಹಿಯ ಕೆಳಗೆ ಡಿಗ್ರಿ, ಹುದ್ದೆ ಹಾಕುವವನು ಭೂಮಿಯ ಮೇಲೆ ನೀನೊಬ್ಬನೇ. ನನಗೂ ಹಾಕಬೇಕೆನ್ನಿಸುತ್ತದೆ, ಆದರೆ ಅರ್ಧಕ್ಕೆ ಬಿಟ್ಟ ಪಿಯುಸಿಯನ್ನು ಯಾವ ಮುಖದಲ್ಲಿ ಹಾಕಲಿ?


ಹ್ಯೂಸ್ಟನ್
26 ಜನವರಿ 2025

ಚಿ. ಸೌ. ಇಂದುಮತಿಗೆ,

ಕುಸುರೆಳ್ಳು ತಲುಪಿತು. ರೊಟ್ಟಿ ಹತ್ತು ತಲುಪಿದವು. ವಿಚಾರಣೆ ನಡೆದಿದೆ.

ನಿನ್ನ ಪತ್ರವನ್ನು ವಾಡಿಕೆಯಂತೆ ತಿದ್ದಿ ಹಿಂದಿರುಗಿಸುತ್ತಿದ್ದೇನೆ. ಹದಿನೇಳು ಕಡೆ ಕೆಂಪು ಗೆರೆ ಇದೆ. ಭಾಷೆಯ ತಪ್ಪನ್ನು ತಿದ್ದಬಹುದು, ನಿರ್ಧಾರದ ತಪ್ಪನ್ನು ಹೇಗೆ ತಿದ್ದಲಿ?

ನೇರವಾಗಿ ಬರೆಯುತ್ತೇನೆ. ಅಪ್ಪ ಮೂವತ್ತಾರು ವರ್ಷ ಹೆಡ್‌ಮಾಸ್ತರರಾಗಿದ್ದವರು. ಅವರ ಮಗಳು ಪರದೇಶದಲ್ಲಿ ಕಂಡವರ ಮಲಮೂತ್ರ ಬಳಿಯುತ್ತಾಳೆ ಎಂಬ ಮಾತು ನಾಲ್ಕು ಜನರ ಬಾಯಿಗೆ ಬಿದ್ದರೆ ನನಗೆ ತಲೆ ಎತ್ತಿ ನಡೆಯಲಾಗದು. ನೀನು ರೊಟ್ಟಿ ಮಾಡಿ ಸ್ವಂತ ಹೆಸರು ಗಳಿಸಿದ್ದೀಯೆ, ಅದು ನಿನ್ನ ಅಡುಗೆಮನೆಯ ಮರ್ಯಾದೆ. ಇದು ಬೇರೆ.

ಬೆಳಿಗ್ಗೆ ನನ್ನೊಡನೆ ವಾಕಿಂಗಿಗೆ ಬರುವ ಡಾಕ್ಟರ್ ಸತ್ಯಪ್ರಕಾಶರ ಗೆಳೆಯರೊಬ್ಬರ ಕ್ಲಿನಿಕ್ ನಿಮ್ಮ ಡಲ್ಲಾಸ್ ಕಡೆ ಇದೆ. ಫ್ರಂಟ್ ಡೆಸ್ಕಿಗೆ ಜನ ಬೇಕಂತೆ. ಕುರ್ಚಿಯ ಕೆಲಸ. ಬೆನ್ನಿಗೂ ಒಳ್ಳೆಯದು, ಹೆಸರಿಗೂ ಒಳ್ಳೆಯದು. ನಿನ್ನ ಪರವಾಗಿ ನಾನು ಹೂಂ ಎಂದಿದ್ದೇನೆ. ಅವರಿಗೆ ಫೋನ್ ಮಾಡು.

ಶ್ರೀಶೈಲ್
ಬಿ.ಇ., ನಿವೃತ್ತ ಮುಖ್ಯ ಎಂಜಿನಿಯರ್


ಯೂಲೆಸ್
23 ಫೆಬ್ರವರಿ 2025

ಅಣ್ಣಾ,

ಫೋನ್ ಮಾಡಲಿಲ್ಲ. ಹೂಂ ಎಂದವನು ನೀನು, ಕುರ್ಚಿಯ ಮೇಲೆ ನೀನೇ ಹೋಗಿ ಕೂತುಕೋ.

ಮಲಮೂತ್ರದ ಮಾತು ಒಂದೇ ಸಲ ಮುಗಿಸಿಬಿಡುತ್ತೇನೆ. ಅವ್ವನದ್ದು ಮೂರು ವರ್ಷ ಯಾರು ತೆಗೆದರು? ಆಗ ನೀನು ಇಲ್ಲಿಂದ ಬರೆಯುತ್ತಿದ್ದೆ: "ನಮ್ಮ ಇಂದು ದೇವತೆ." ಅದೇ ಕೈ, ಅದೇ ಕೆಲಸ. ಮನೆಯೊಳಗೆ ಮಾಡಿದರೆ ದೇವತೆ, ಯೂನಿಫಾರ್ಮ್ ಹಾಕಿಕೊಂಡು ಮಾಡಿದರೆ ನಾಲ್ಕು ಜನರ ಬಾಯಿ. ಆ ನಾಲ್ಕು ಜನರ ಹೆಸರು ಕೊಡು. ನನ್ನ ವಹಿಯಲ್ಲಿದ್ದರೆ ರೊಟ್ಟಿ ನಿಲ್ಲಿಸುತ್ತೇನೆ.

ಈಗ ಕ್ಲಾಸಿನ ವಿಷಯ. ನಾವು ಹದಿನಾಲ್ಕು ಜನ. ನಾನೇ ಹಿರಿಯಳು, ಹೀಗಾಗಿ ಮುಂದಿನ ಬೆಂಚು. ಕಲಿಸುವವರು ಮಿಸ್ ಡೆನಿಸ್, ಮೂವತ್ತು ವರ್ಷ ನರ್ಸ್ ಆಗಿದ್ದವರು, ಕನ್ನಡಕದ ಮೇಲಿಂದ ನೋಡಿದರೆ ಅಪ್ಪನ ನೆನಪು ಬರುತ್ತದೆ. ಮೊದಲ ದಿನ ಕೈ ತೊಳೆಯುವುದನ್ನೇ ಕಲಿಸಿದರು. ಐವತ್ತು ವರ್ಷದಿಂದ ಕೈ ತೊಳೆದುಕೊಂಡೇ ಉಣ್ಣುತ್ತಿದ್ದೇನೆ ಎಂದುಕೊಂಡಿದ್ದೆ. ತೊಳೆದಿರಲಿಲ್ಲವಂತೆ. ಬೆರಳ ಸಂದು, ಉಗುರಡಿ, ಮಣಿಕಟ್ಟು, ಇಪ್ಪತ್ತು ಸೆಕೆಂಡು, ನಲ್ಲಿಯನ್ನು ಕಾಗದದಿಂದ ಹಿಡಿದು ನಿಲ್ಲಿಸಬೇಕು. ಮನೆಯಲ್ಲಿ ಚಂದ್ರಮೋಹನರನ್ನೂ ನಿಲ್ಲಿಸಿ ಮಾಡಿಸಿದೆ. "ಹದಿನೈದಕ್ಕೆ ಬಿಡು ಮಾರಾಯ್ತಿ, ಸಾರು ಆರತೈತಿ," ಎಂದರು. ಬಿಡಲಿಲ್ಲ.

ಚಾದರದ ವಿದ್ಯೆ ಮೂರನೇ ವಾರಕ್ಕೆ ಬಂತು. ಬೊಂಬೆಯನ್ನಲ್ಲ, ನನ್ನ ಜೊತೆಯವನನ್ನೇ ಮಗ್ಗುಲಾಗಿಸಿದೆ. ಆರಡಿ ಆಳು. ಒಂದು ಕಾಲು ಹಿಂದಿಟ್ಟು, ಬೆನ್ನು ಬಗ್ಗಿಸದೆ, ಎಳೆದೆ. ತಿರುಗಿದ! ಕ್ಲಾಸೆಲ್ಲ ಚಪ್ಪಾಳೆ. ನಾನು ಶೌಚಾಲಯಕ್ಕೆ ಹೋಗಿ ಐದು ನಿಮಿಷ ಬಾಗಿಲು ಹಾಕಿಕೊಂಡು ನಿಂತಿದ್ದೆ. ಅದು ಯಾಕೆಂದು ನಿನಗೆ ಬರೆಯಬೇಕಾಗಿಲ್ಲ.

ಒಂದೇ ವಿಷಯದಲ್ಲಿ ನನಗೂ ಮಿಸ್ ಡೆನಿಸರಿಗೂ ಸರಿಬರುವುದಿಲ್ಲ. ವೃದ್ಧಾಶ್ರಮದ ಪ್ರಾಕ್ಟೀಸಿಗೆ ಹೋದಾಗ ಒಬ್ಬ ಮುದುಕ ಚಮಚ ಹಿಡಿದು ನಡುಗುತ್ತ ಕೂತಿದ್ದ. ಒಂದು ತುತ್ತಿಗೆ ಎರಡು ನಿಮಿಷ. ನಾನು ಚಮಚ ತೆಗೆದುಕೊಂಡು ಆರು ನಿಮಿಷದಲ್ಲಿ ತಟ್ಟೆ ಖಾಲಿ ಮಾಡಿಸಿದೆ. ಶಭಾಸ್ ಅನ್ನುತ್ತಾರೆ ಎಂದು ತಿರುಗಿದರೆ, "ಇಂದೂ, ನಿನ್ನ ಕೈ ಬಹಳ ಬೇಗ," ಎಂದರು. ಬೇಗ ಇರುವುದು ತಪ್ಪಂತೆ! ಗಂಟೆಗೆ ಅರವತ್ತು ರೊಟ್ಟಿ ಬಡಿಯುವ ಕೈಗೆ ಹೇಳುವ ಮಾತಾ ಇದು? ನಕ್ಕು ಮುಂದಿನ ತಟ್ಟೆಗೆ ಹೋದೆ.

ಪರೀಕ್ಷೆ ಮಾರ್ಚ್ ಕೊನೆಗೆ. ಯುಗಾದಿಗೆ ನಾನೇ ಹ್ಯೂಸ್ಟನ್ನಿಗೆ ಬಂದು ಫಲಿತಾಂಶ ನಿನ್ನ ಕೈಯಲ್ಲಿ ಇಡುತ್ತೇನೆ.

ಇಂದು


ಹ್ಯೂಸ್ಟನ್
16 ಮಾರ್ಚ್ 2025

ಇಂದು,

ನಿನ್ನ ಪತ್ರ ಮುಟ್ಟಿತು. ಯುಗಾದಿಗೆ ಬರಬೇಡ. ಮನೆಗೆ ಬಣ್ಣ ಹೊಡೆಸುತ್ತಿದ್ದೇವೆ. ಪರೀಕ್ಷೆ ಚೆನ್ನಾಗಿ ಮಾಡು.

ಶ್ರೀಶೈಲ್


ಯೂಲೆಸ್
6 ಏಪ್ರಿಲ್ 2025

ಅಣ್ಣಾ,

ಹನ್ನೊಂದು ಪದ. ಎಣಿಸಿದೆ. ಹದಿನಾಲ್ಕು ವರ್ಷದಲ್ಲಿ ನೀನು ಬರೆದ ಅತಿ ಚಿಕ್ಕ ಪತ್ರ, ಅದೂ ಹಬ್ಬಕ್ಕೆ ಬರಬೇಡ ಎನ್ನಲು. ಅಕ್ಷರಗಳು ಒಂದೊಂದು ಒಂದೊಂದು ದಿಕ್ಕಿಗೆ ಬಿದ್ದಿವೆ. ಸಿಟ್ಟಿನಲ್ಲಿ ಪೆನ್ನು ಗುದ್ದಿ ಗುದ್ದಿ ಬರೆದಿದ್ದೀಯೆ ಎಂದು ಕುರುಡರಿಗೂ ಗೊತ್ತಾಗುತ್ತದೆ. ನನ್ನ ಪತ್ರವನ್ನು ತಿದ್ದಿ ವಾಪಸು ಸಹ ಕಳಿಸಲಿಲ್ಲ. ತಪ್ಪು ಹಿಡಿಯುವಷ್ಟೂ ನಾನು ಬೇಡವಾದೆನಾ?

ಫೋನ್ ಮಾಡಿದರೆ ಉಲ್ಲಾಸ್ ಎತ್ತುತ್ತಾನೆ. ಒಂದು ದಿನ "ಅಪ್ಪ ಸ್ನಾನ," ಒಂದು ದಿನ "ಅಪ್ಪ ವಾಕಿಂಗ್," ನಿನ್ನೆ ಮತ್ತೆ "ಅಪ್ಪ ಸ್ನಾನ." ಅಷ್ಟು ಸ್ವಚ್ಛವಾಗಿರುವವನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪರೀಕ್ಷೆ ಮುಂದಕ್ಕೆ ಹೋಗಿದೆ. ದಿನಾಂಕ ಬಂದ ಮೇಲೆ ತಿಳಿಸುತ್ತೇನೆ. ಇಲ್ಲಿ ಎಲ್ಲ ಬಹಳ ಚೆನ್ನಾಗಿದೆ, ನನ್ನ ಬಗ್ಗೆ ಮಿಸ್ ಡೆನಿಸರಿಗೆ ಬಹಳ ಅಭಿಮಾನ, ಇನ್ನೇನೂ ವಿಶೇಷವಿಲ್ಲ.

ಇಂದು


ಹ್ಯೂಸ್ಟನ್
19 ಏಪ್ರಿಲ್ 2025

ಇಂದು,

ಸಿಟ್ಟಿಲ್ಲ.

ಒಂದು ಪ್ರಶ್ನೆ. ಒಂದು ಕೈಯಲ್ಲಿ ಶಕ್ತಿ ಇಲ್ಲದವರಿಗೆ ಅಂಗಿ ತೊಡಿಸುವುದು ಹೇಗೆ? ನಿಮ್ಮ ಪಾಠದಲ್ಲಿ ಇದೆಯೆ? ಸತ್ಯಪ್ರಕಾಶರ ಪರಿಚಯದವರೊಬ್ಬರಿಗೆ ಬೇಕಾಗಿದೆ.

ಶ್ರೀಶೈಲ್


ಯೂಲೆಸ್
24 ಏಪ್ರಿಲ್ 2025

ಅಣ್ಣಾ,

ಹಾಗಾದರೆ ನಿನಗೆ ಗೊತ್ತಾಗಿದೆ. ಯಾರು ಹೇಳಿದರು? ಸಿಂಚನಾಳೇ ಇರಬೇಕು. ಆಸ್ಟಿನ್ನಿನಲ್ಲಿ ಕೂತು ಮಾವನಿಗೆ ಮೆಸೇಜ್ ಮಾಡುವ ಮಗಳು ತಾಯಿಗೆ ಮಾಡುವುದಿಲ್ಲ. ಪ್ರಪಂಚದಲ್ಲಿ ಕೇಳಲು ಸಾವಿರ ಪ್ರಶ್ನೆ ಇರುವಾಗ ನೀನು ಹುಡುಕಿ ಹುಡುಕಿ ಅಂಗಿಯದ್ದೇ ಕೇಳುತ್ತೀ. "ಸತ್ಯಪ್ರಕಾಶರ ಪರಿಚಯದವರು!" ಚುಚ್ಚುವುದಿದ್ದರೆ ನೇರವಾಗಿ ಚುಚ್ಚು.

ಹೌದು. ನಾನು ಫೇಲಾದೆ. ಪರೀಕ್ಷೆ ಮುಂದಕ್ಕೆ ಹೋಗಿರಲಿಲ್ಲ, ಮಾರ್ಚ್ 27ಕ್ಕೆ ಮುಗಿದಿತ್ತು. ಸುಳ್ಳು ಬರೆದೆ. ಲಿಖಿತದಲ್ಲಿ ಪಾಸು. ಕೈಕೆಲಸದ ಪರೀಕ್ಷೆಯಲ್ಲಿ ಐದು ಕೆಲಸ ಕೊಡುತ್ತಾರೆ, ನಾಲ್ಕು ಸರಿ. ಐದನೆಯದೇ ನೀನು ಕೇಳಿದ್ದು.

ನಮ್ಮ ಹಾಗೆಯೇ ಪರೀಕ್ಷೆಗೆ ಬಂದ ಒಬ್ಬ ಹುಡುಗಿ ರೋಗಿಯಾಗಿ ಮಲಗಿದ್ದಳು, ಬಲಗೈ ಬಿದ್ದುಹೋಗಿದೆ ಎಂದು ನಟನೆ. ಕುರ್ಚಿಯ ಮೇಲೆ ಎರಡು ಅಂಗಿ, ಒಂದು ನೀಲಿ, ಒಂದು ಹಳದಿ. ಪರೀಕ್ಷಕಿ ಮೂಲೆಯಲ್ಲಿ ನಿಂತು ಬರೆದುಕೊಳ್ಳುತ್ತಿದ್ದಳು. ನಾನು ಪರದೆ ಎಳೆದೆ, ಹಾಸಿಗೆಯ ಚಕ್ರ ಲಾಕ್ ಮಾಡಿದೆ, ಹತ್ತಿರವಿದ್ದ ಹಳದಿ ಅಂಗಿ ತೆಗೆದುಕೊಂಡೆ. ಶಕ್ತಿಯಿಲ್ಲದ ಕೈಗೆ ಮೊದಲು ತೋಳು, ಆಮೇಲೆ ಬೆನ್ನು, ಆಮೇಲೆ ಚೆನ್ನಾಗಿರುವ ಕೈ. ಗುಂಡಿಗಳನ್ನೂ ನಾನೇ ಹಾಕಿದೆ. ಅಷ್ಟು ಚಂದವಾಗಿ, ಅಷ್ಟು ಬೇಗ ಅಲ್ಲಿ ಯಾರೂ ಮಾಡಿರಲಿಲ್ಲ. ಹೊರಗೆ ಬಂದು ಚಂದ್ರಮೋಹನರಿಗೆ ಫೋನ್ ಮಾಡಿ ಜಾಮೂನು ತರಲು ಹೇಳಿದೆ.

ಸಂಜೆ ಫಲಿತಾಂಶ. ಫೇಲು. ಕಾರಣ: ಯಾವ ಅಂಗಿ ಬೇಕೆಂದು ರೋಗಿಯನ್ನು ಕೇಳಲಿಲ್ಲ.

ಮಿಸ್ ಡೆನಿಸರಿಗೆ ಫೋನ್ ಮಾಡಿ ಜಗಳ ತೆಗೆದೆ. "ಕೈ ನೋಯಿಸಲಿಲ್ಲ, ಮೈ ಕಾಣಿಸಲಿಲ್ಲ, ಒಂದು ಸುಕ್ಕು ಇರಲಿಲ್ಲ. ನನ್ನ ತಪ್ಪೇನು?" ಅವರು ಬಹಳ ನಿಧಾನವಾಗಿ ಕೇಳಿದರು: "ಇಂದೂ, ಆ ಹುಡುಗಿಗೆ ಹಳದಿ ಇಷ್ಟವಾ?"

"ನನಗೇನು ಗೊತ್ತು?"

"ಅದೇ."

ಎರಡು ದಿನ ಅವರನ್ನು ಮನಸ್ಸಿನಲ್ಲೇ ಬೈದೆ. ಮೂರನೆಯ ದಿನ ರೊಟ್ಟಿಯ ವಹಿ ತೆರೆದೆ. ಮೂವತ್ತೆಂಟು ಮನೆ. ಕಟಕ್, ಮೆತ್ತಗೆ, ಎಳ್ಳು ಬೇಡ, ಅಂಚು ದಪ್ಪ ಬೇಡ. ಪ್ರತಿಯೊಬ್ಬರನ್ನೂ ಕೇಳಿ ಬರೆದುಕೊಂಡಿದ್ದೇನೆ. ಅಣ್ಣಾ, ಗಿರಾಕಿಯನ್ನು ಕೇಳುತ್ತೇವೆ. ಹಾಸಿಗೆ ಹಿಡಿದವರನ್ನು ಕೇಳುವುದಿಲ್ಲ. ಸೇವೆ ಮಾಡುವುದೆಂದರೆ ಎಲ್ಲ ನಾವೇ ಮಾಡಿಬಿಡುವುದು ಎಂದು ತಿಳಿದವರು ನಾವು. ಅವರು ಸುಮ್ಮನೆ ಮಾಡಿಸಿಕೊಳ್ಳಬೇಕು.

ಇನ್ನೊಂದು ಬರೆಯುತ್ತೇನೆ, ಇದನ್ನು ತಿದ್ದಬೇಡ. ಅವ್ವನ ಮಾತು ನಿಂತ ಮೇಲೆ ದಿನಾ ಬೆಳಿಗ್ಗೆ ನಾನು ಅವಳಿಗೆ ಗೌನು ತೊಡಿಸುವಾಗ ಅವಳು ಕಣ್ಣಿನಲ್ಲೇ ಟ್ರಂಕನ್ನು ತೋರಿಸುತ್ತಿದ್ದಳು. ಕೀಲಿ ಇದೆಯಾ ಎಂದು ಕೇಳುತ್ತಾಳೆ ಅಂದುಕೊಂಡೆ. "ಇಲ್ಲೇ ಐತಿ ನೋಡವ್ವಾ, ಯಾರೂ ಒಯ್ದಿಲ್ಲ," ಎಂದು ಕೀಲಿ ಅಲ್ಲಾಡಿಸುತ್ತಿದ್ದೆ. ಅವಳು ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಮೂರು ವರ್ಷ. ಟ್ರಂಕಿನಲ್ಲಿ ಏನಿತ್ತು, ನಿನಗೂ ಗೊತ್ತು. ಅವಳ ಇಳಕಲ್ ಸೀರೆಗಳು. ಓಣಿಯಲ್ಲಿ ಕಮಲವ್ವ ಅಂದರೆ ಇಳಕಲ್ ಸೀರೆ, ಕೆಂಪು ಸೆರಗು. ಅವಳಿಗೆ ಗೌನು ಬೇಡವಾಗಿತ್ತು. ಅಷ್ಟೇ ಹೇಳುತ್ತಿದ್ದಳು. ನಾನು ಕೀಲಿ ಅಲ್ಲಾಡಿಸಿದೆ.

ಇನ್ನು ಎರಡು ಅವಕಾಶ ಉಳಿದಿವೆ. ಬಿಡುವುದಿಲ್ಲ. ಇಲ್ಲಿ ಜೂನ್‌ವರೆಗೆ ಜಾಗವಿಲ್ಲ, ಆಸ್ಟಿನ್ನಿನಲ್ಲಿ ಮೇ 24ಕ್ಕೆ ಸಿಕ್ಕಿದೆ.

ನಿಮ್ಮ ಸತ್ಯಪ್ರಕಾಶರ ಪರಿಚಯದವರಿಗೆ, ಅಂಥವರೊಬ್ಬರು ನಿಜವಾಗಿ ಇದ್ದರೆ, ಹೇಳು: ತೊಡಿಸುವಾಗ ಶಕ್ತಿಯಿಲ್ಲದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಎಳೆಯಬಾರದು. ಅವರ ಕೈಲಾಗುವುದನ್ನು ಅವರಿಗೇ ಬಿಡಬೇಕು. ಎಲ್ಲಕ್ಕಿಂತ ಮೊದಲು ಯಾವ ಅಂಗಿ ಬೇಕು ಎಂದು ಕೇಳಬೇಕು.

ಇಂದು


ಹ್ಯೂಸ್ಟನ್
11 ಮೇ 2025

ಇಂದೂ,

ಈ ಪತ್ರ ಬರೆಯಲು ಐದು ದಿನ ಹಿಡಿದಿದೆ. ದಿನಕ್ಕೆ ಕೆಲವೇ ಸಾಲು. ಎಡಗೈ.

ಮಾರ್ಚ್ 3ರ ಬೆಳಿಗ್ಗೆ ವಾಕಿಂಗ್ ಹೋದಾಗ ಬಲಗಾಲು ನನ್ನದಲ್ಲ ಎನ್ನಿಸಿತು. ಸತ್ಯಪ್ರಕಾಶರು ಜೊತೆಯಲ್ಲಿದ್ದುದರಿಂದ ಬದುಕಿದೆ. ಪಾರ್ಶ್ವವಾಯು ಎಂದರು. ಆಸ್ಪತ್ರೆಯಲ್ಲಿ ಹದಿಮೂರು ದಿನ. ಮಾತು ತೊದಲಿತು, ಈಗ ಬಹುಪಾಲು ಸರಿಯಾಗಿದೆ. ಕಾಲು ಕೋಲಿನ ಆಸರೆಯಲ್ಲಿ ನಡೆಯುತ್ತದೆ. ಬಲಗೈ ಇನ್ನೂ ಬಂದಿಲ್ಲ. ನಿನಗೆ ಹೇಳಬಾರದೆಂದು ಉಲ್ಲಾಸನಿಂದ ಆಣೆ ತೆಗೆದುಕೊಂಡಿದ್ದೆ. ಮನೆಗೆ ಯಾರೂ ಬಣ್ಣ ಹೊಡೆದಿಲ್ಲ. ನಿನ್ನ ಪರೀಕ್ಷೆಯ ಸುದ್ದಿ ನನಗೆ ಯಾರೂ ಹೇಳಿರಲಿಲ್ಲ. ಸಿಂಚನಾಳ ಮೇಲೆ ಸಿಟ್ಟು ಬೇಡ. ಸತ್ಯಪ್ರಕಾಶರ ಪರಿಚಯದವನು ನಾನೇ.

ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀ. ಜನವರಿಯಲ್ಲಿ ನಾನು ಬರೆದ ಪತ್ರದ ನಕಲು ನನ್ನ ಬಳಿ ಇದೆ. ಕಂಡವರ ಮಲಮೂತ್ರ ಎಂದು ಬರೆದಿದ್ದೆ. ಐದು ವಾರಕ್ಕೆ ಸರಿಯಾಗಿ ನಾನೇ ಆ ಕಂಡವನಾದೆ. ಆಸ್ಪತ್ರೆಯಲ್ಲಿ ನನ್ನನ್ನು ಸ್ವಚ್ಛ ಮಾಡಿದ ಹೆಂಗಸು ಹಾಡು ಗುನುಗುತ್ತ ಮಾಡಿದಳು, ನನಗೆ ನಾಚಿಕೆಯಾಗದ ಹಾಗೆ. ಅವಳ ಅಂಗಿಯ ಮೇಲಿನ ಪಟ್ಟಿ ಓದಿದೆ: ನರ್ಸ್ ಏಡ್. ನಿನಗೆ ಯಾವ ಮುಖದಲ್ಲಿ ಬರೆಯಲಿ?

ಮನೆಗೆ ಬಂದ ಮೇಲೆ ಉಲ್ಲಾಸ್ ಬಹಳ ಪ್ರೀತಿಯಿಂದ ನೋಡಿಕೊಳ್ಳುತ್ತಾನೆ. ದಿನಾ ಗುಂಡಿ ಇಲ್ಲದ ಟಿ-ಶರ್ಟು ತಲೆಯ ಮೇಲಿಂದ ಎಳೆಯುತ್ತಾನೆ. ಒಂದರ ಮೇಲೆ ಮೊಸಳೆ ಚಿತ್ರ. ನಲವತ್ತು ವರ್ಷ ಇಸ್ತ್ರಿ ಮಾಡಿದ ಶರ್ಟು ಹಾಕಿದ ಮನುಷ್ಯ ಒಂದೂವರೆ ತಿಂಗಳು ಮೊಸಳೆ ಹಾಕಿಕೊಂಡು ಕೂತಿದ್ದೆ. ಬೇಡ ಎನ್ನಲು ಬಾಯಿ ಬರಲಿಲ್ಲ. ಮಾತು ತೊದಲುತ್ತಿದ್ದುದರಿಂದ ಅಲ್ಲ. ಮಾಡುವವನ ಮುಖ ನೋಡಿ.

ನಿನ್ನ ಪತ್ರವನ್ನು ಉಲ್ಲಾಸನಿಗೆ ಓದಿ ಹೇಳಿದೆ. ಅವನು ಎದ್ದು ಹೋಗಿ ಕಪಾಟು ತೆರೆದು ನಿಂತ. "ಯಾವುದು ಬೇಕು ಅಪ್ಪಾ?" ಎಂದ. ನೀಲಿ ಗೆರೆಯ ಬಿಳಿ ಶರ್ಟು ಎಂದೆ. ಬಲಗೈ ಮೊದಲು ಹಾಕಿಸಿದ. ಇಂದೂ, ನನಗೊಂದು ಬಲಗೈ ಇದೆ ಎನ್ನುವುದನ್ನು ನಾನೇ ಮರೆತಿದ್ದೆ.

ಅವ್ವನ ವಿಷಯ. ನೀನು ಕೇಳಲಿಲ್ಲ, ಸರಿ. ಕೇಳದಿದ್ದವಳು ಮೂರು ವರ್ಷ ಅವಳ ಪಕ್ಕದಲ್ಲಿ ಇದ್ದಳು. ಕೇಳಬಹುದಾಗಿದ್ದವನು ಇರಲೇ ಇಲ್ಲ. ಈ ವಾಕ್ಯವನ್ನು ನೀನೂ ತಿದ್ದಬೇಡ.

ಓದಿದ ಕೂಡಲೇ ಹೊರಟುಬರುತ್ತೀ ಎಂದು ಗೊತ್ತು. ಬರಬೇಡ. ನನಗೆ ಏನು ಬೇಕೆಂದು ನೀನು ಕೇಳಿದರೆ, ಹೇಳುತ್ತೇನೆ: ಅಳುತ್ತ ಬರುವ ತಂಗಿ ಬೇಡ. ಮೇ 24 ಮುಗಿಸಿ, ಪಾಸಾಗಿ ಬರುವ ನರ್ಸ್ ಏಡ್ ಬೇಕು.

ಶ್ರೀಶೈಲ್


ಆಸ್ಟಿನ್
24 ಮೇ 2025

ಅಣ್ಣಾ,

ನಿನ್ನ ಪತ್ರ ಓದಿದ ದಿನ ಕಾರಿನ ಕೀಲಿ ಹಿಡಿದು ಬಾಗಿಲವರೆಗೆ ಹೋಗಿದ್ದೆ. ಚಪ್ಪಲಿಯನ್ನೂ ಮೆಟ್ಟಿದ್ದೆ. ಚಂದ್ರಮೋಹನರು ಅಡ್ಡ ಬರಲಿಲ್ಲ. "ಅವರು ಏನಂತ ಬರದಾರ, ಇನ್ನೊಮ್ಮೆ ಓದು," ಎಂದರು, ಅಷ್ಟೇ. ಬಾಗಿಲಲ್ಲೇ ನಿಂತು ಓದಿದೆ. ಏನು ಬೇಕೆಂದು ನೀನು ಬಾಯಿಬಿಟ್ಟು ಹೇಳಿದ್ದೆ. ಅದನ್ನು ಮೀರಿ ನನಗೆ ತೋಚಿದ್ದು ಮಾಡಿದರೆ ನಾನು ಮತ್ತೆ ಹಳದಿ ಅಂಗಿಯನ್ನೇ ಎತ್ತಿಕೊಂಡಂತೆ. ಚಪ್ಪಲಿ ಬಿಚ್ಚಿದೆ. ಈ ಇಡೀ ತರಬೇತಿಯಲ್ಲಿ ನನಗೆ ಕಷ್ಟವಾದ ಕೆಲಸ ಅದೊಂದೇ.

ಎರಡು ದಿನ ಮುಂಚೆಯೇ ಆಸ್ಟಿನ್ನಿಗೆ ಬಂದೆ. ಸಿಂಚನಾ ತನ್ನ ಹಾಸಿಗೆಯಲ್ಲಿ ರೋಗಿಯಾಗಿ ಮಲಗಿದಳು. ಹದಿನಾರು ಸಲ ಅಂಗಿ ತೊಡಿಸಿದೆ. ನನ್ನ ಕೈ ತಾನಾಗಿ ಗುಂಡಿಗೆ ಹೋದಾಗಲೆಲ್ಲ, "ಅಮ್ಮಾ, ಐ ಕ್ಯಾನ್ ಡೂ ಇಟ್," ಎಂದು ಕೈಗೆ ಹೊಡೆದಳು. ಆಮೇಲೆ ಊಟಕ್ಕೆ ಏನು ಮಾಡಲಿ ಎಂದು ಕೇಳಿದೆ. ಹುಡುಗಿ ಎದ್ದು ಕೂತಳು. ಇಪ್ಪತ್ತು ವರ್ಷದಲ್ಲಿ ಅವಳನ್ನು ಹಾಗೆ ಕೇಳಿದ್ದು ಮೊದಲ ಸಲವಂತೆ. ಪಾಸ್ತಾ ಬೇಕೆಂದಳು. ಮಾಡಿದೆ. ಕೇಳಿದ ತಪ್ಪಿಗೆ ನಾನೂ ತಿಂದೆ.

ಇವತ್ತು ಪರೀಕ್ಷೆ. ಅಂಗಿಯ ಕೆಲಸ ಬರಲೇ ಇಲ್ಲ! ಅಷ್ಟು ತಯಾರಾಗಿ ಬಂದವಳಿಗೆ ಮೋಸವಾದಂತೆ ಆಯಿತು. ಮಗ್ಗುಲಾಗಿಸುವುದು ಬಂತು, ಕಾಲು ತೊಳೆಯುವುದು ಬಂತು, ಉಣ್ಣಿಸುವುದು ಬಂತು. ರೋಗಿಯಾಗಿ ಕೂತವಳ ಎದುರು ಒಂದು ಬಟ್ಟಲು, ಒಂದು ಲೋಟ. "ಮೊದಲು ಯಾವುದು ಕೊಡಲಿ?" ಎಂದೆ. "ನೀರು," ಎಂದಳು. ಪ್ರತಿ ಚಮಚಕ್ಕೂ ಅವಳು ನುಂಗುವವರೆಗೆ ಕಾದೆ. ನನ್ನ ಕೈ, ಗಂಟೆಗೆ ಅರವತ್ತು ರೊಟ್ಟಿಯ ಕೈ, ಗಾಳಿಯಲ್ಲಿ ಚಮಚ ಹಿಡಿದು ಸುಮ್ಮನೆ ನಿಂತಿತ್ತು. ಮಿಸ್ ಡೆನಿಸ್ ನೋಡಬೇಕಿತ್ತು.

ಸಂಜೆ ಐದೂವರೆಗೆ ಫಲಿತಾಂಶ ಬಂತು. ಪಾಸು. ಐದಕ್ಕೆ ಐದು.

ಸಿಂಚನಾ ಕುಣಿದಳು. ಚಂದ್ರಮೋಹನರು ಫೋನಿನಲ್ಲಿ, "ಈ ಸಲ ಜಾಮೂನು ಮೊದಲ ತಂದಿಟ್ಟಿದ್ದೆ," ಎಂದರು. ನಾನು ಕೂತು ಇದನ್ನು ಬರೆಯುತ್ತಿದ್ದೇನೆ. ನಿನ್ನ ಕಾಯ್ದೆ ಪ್ರಕಾರ ಇದು ಸುದ್ದಿ, ಫೋನಿನಲ್ಲಿ ಹೇಳಬೇಕು. ಆದರೆ ಇದು ಕಾಗದದಲ್ಲಿ ಇರಬೇಕು ಅಣ್ಣಾ.

ನಾಳೆ ಬೆಳಗಿನ ಬಸ್ಸಿಗೆ ಹ್ಯೂಸ್ಟನ್ನಿಗೆ ಹೊರಡುತ್ತೇನೆ. ಪತ್ರಕ್ಕಿಂತ ಮುಂಚೆ ನಾನೇ ಮುಟ್ಟುತ್ತೇನೆ. ಯೂನಿಫಾರ್ಮ್ ಇಸ್ತ್ರಿ ಮಾಡಿಟ್ಟಿದ್ದೇನೆ. ಅಳುವುದಿಲ್ಲ ಎಂದು ಮಾತು ಕೊಡಲಾರೆ. ಅಳುವುದಾದರೆ ಬಸ್ಸಿನಲ್ಲೇ ಮುಗಿಸಿಕೊಂಡು ಬರುತ್ತೇನೆ.

ನಿನ್ನ ತಂಗಿ
ಇಂದು


ಹ್ಯೂಸ್ಟನ್
8 ಜೂನ್ 2025

ಇಂದೂ,

ನೀನು ಇಲ್ಲಿಂದ ಹೊರಟು ನಾಲ್ಕು ದಿನವಾಯಿತು. ಆಸ್ಟಿನ್ನಿನ ಪತ್ರ ನೀನು ಇಲ್ಲಿರುವಾಗಲೇ ಬಂದಿತ್ತು, ನಿನ್ನೆದುರು ಓದಲು ಸಂಕೋಚವಾಗಿ ದಿಂಬಿನಡಿ ಇಟ್ಟಿದ್ದೆ. ಈಗ ಓದಿದೆ. ನೀನು ಬಂದ ಮರುದಿನ ಬೆಳಿಗ್ಗೆ ಏನಾಯಿತೆಂದು ನಾನೂ ಕಾಗದದಲ್ಲಿ ಇಡಬೇಕು.

ನೀನು ನನ್ನ ಕೋಣೆಯ ಬಾಗಿಲು ತಟ್ಟಿದೆ. ಹುಟ್ಟಿದಾಗಿನಿಂದ ನೀನು ಯಾವ ಬಾಗಿಲನ್ನೂ ತಟ್ಟಿ ಬಂದವಳಲ್ಲ. ಕಡುನೀಲಿ ಬಟ್ಟೆ, ಎದೆಯ ಮೇಲೆ ಹೆಸರಿನ ಪಟ್ಟಿ. "ನಮಸ್ಕಾರ. ನನ್ನ ಹೆಸರು ಇಂದುಮತಿ. ಇವತ್ತು ನಿಮ್ಮ ನರ್ಸ್ ಏಡ್ ನಾನು," ಎಂದು ನನಗೆ, ನಿನಗೆ ಅಕ್ಷರ ತಿದ್ದಿಸಿದವನಿಗೆ, ಹೇಳಿದೆ. ಮಾರ್ಚ್ ತಿಂಗಳಿಂದ ನಾನು ನಕ್ಕಿರಲಿಲ್ಲ ಎಂದು ಉಲ್ಲಾಸ್ ಆಮೇಲೆ ಹೇಳಿದ.

ನೀನು ಇಪ್ಪತ್ತು ಸೆಕೆಂಡು ಕೈ ತೊಳೆದೆ. ನಾನೂ ಒಳಗೇ ಎಣಿಸಿದೆ. ನೀನು ಎರಡು ಅಂಗಿ ಹಿಡಿದು ನಿಂತೆ. "ಯಾವ ಅಂಗಿ ಬೇಕು, ಅಣ್ಣಾ?" ಎಂದೆ. ಅಷ್ಟರಲ್ಲಿ ಅಳುವನ್ನು ಬಸ್ಸಿನಲ್ಲೇ ಮುಗಿಸುವ ನಿನ್ನ ಲೆಕ್ಕ ತಪ್ಪಿದ್ದು ನಿನ್ನ ಮುಖದಲ್ಲಿ ಕಂಡಿತು. ನಾನು ನೋಡದವನಂತೆ ಕಿಟಕಿ ನೋಡಿದೆ. ಬಿಳಿಯದು ಎಂದೆ.

ಬಲಗೈ ಹಾಕಿಸಿ, ಬೆನ್ನು ಸುತ್ತಿ, ಎಡಗೈ ಹಾಕಿಸಿ, ನೀನು ಹಿಂದೆ ಸರಿದು ಕೈ ಕಟ್ಟಿ ನಿಂತುಬಿಟ್ಟೆ.

"ಗುಂಡಿ?" ಎಂದು ನಾನು ಕೇಳಿದೆ.

"ಗುಂಡಿ ನಿನ್ನವು. ಎಡಗೈ ಐತಲ್ಲ."

"ಒಂದ್ ಕೈಲೆ ಹೆಂಗ್ ಆಗತೈತಿ?"

"ಆದಾಗ ಆಗತೈತಿ. ನನಗೇನ ಅವಸರ ಇಲ್ಲ."

ಆರು ಗುಂಡಿಗೆ ಹನ್ನೊಂದು ನಿಮಿಷ. ನಿನಗೆ, ಆ ಬೇಗದ ಕೈಯವಳಿಗೆ, ಆ ಹನ್ನೊಂದು ನಿಮಿಷ ಎಷ್ಟು ಉದ್ದವಾಗಿತ್ತೆಂದು ನಾನು ಬಲ್ಲೆ. ನೀನು ಬೆರಳನ್ನೂ ಮುಂದೆ ಮಾಡಲಿಲ್ಲ. ಕೊನೆಯ ಗುಂಡಿ ಕೂತಾಗ ಆದ ಸಂತೋಷ ನಾನು ಕಟ್ಟಿದ ಯಾವ ಪೈಪ್‌ಲೈನಿನ ಉದ್ಘಾಟನೆಯಲ್ಲೂ ಆಗಿರಲಿಲ್ಲ.

ಸಂಜೆ ಸತ್ಯಪ್ರಕಾಶರು ಬಂದಾಗ ನಾನು ನಿನ್ನನ್ನು ಪರಿಚಯಿಸಿದ್ದು ನಿನಗೆ ಕೇಳಿಸಿತೋ ಇಲ್ಲವೋ, ನೀನು ಅಡುಗೆಮನೆಯಲ್ಲಿದ್ದೆ. "ನನ್ನ ತಂಗಿ," ಎಂದೆ. "ನರ್ಸ್ ಏಡ್. ನಮ್ಮ ಮನೆತನದಲ್ಲಿ ಮೊದಲನೆಯವಳು." ಅವರ ಆಸ್ಪತ್ರೆಯಲ್ಲಿ ಇಂಥವರು ಸಿಗುವುದೇ ಕಷ್ಟ ಎಂದರು. ಅಪ್ಪ ಹೆಡ್‌ಮಾಸ್ತರರಾಗಿದ್ದರೆಂದು ಹೇಳುವುದು ಈ ಸಲ ನೆನಪಾಗಲಿಲ್ಲ.

ಆಸ್ಟಿನ್ನಿನಿಂದ ಬರೆದ ನಿನ್ನ ಪತ್ರವನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಒಂದೇ ತಿದ್ದುಪಡಿ. ಸಹಿಯ ಕೆಳಗೆ ನೀನು ಜಾಗ ಖಾಲಿ ಬಿಟ್ಟಿದ್ದೆ. ಎಡಗೈಯಲ್ಲಿ, ಕೆಂಪು ಶಾಯಿಯಲ್ಲಿ ತುಂಬಿದ್ದೇನೆ: ಸರ್ಟಿಫೈಡ್ ನರ್ಸ್ ಏಡ್, ಟೆಕ್ಸಸ್ ರಾಜ್ಯ. ಅಕ್ಷರ ಸೊಟ್ಟಗಿವೆ, ಸಹಿಸಿಕೋ. ಇನ್ನು ಮುಂದೆ ಯಾರಿಗೆ ಬರೆದರೂ, ಅಣ್ಣನಿಗೇ ಬರೆದರೂ, ಅದನ್ನು ಬಿಡಕೂಡದು.

ಅಣ್ಣ